ಟೆಸ್‌ಳನ್ನು ಕೊಂದದ್ದು ವಿಧಿಯಲ್ಲ

ಕಳೆದ ವರ್ಷ ಪದವಿ ತರಗತಿಯೊಂದರ ಉತ್ತರಪತ್ರಿಕೆಗಳ ಕಟ್ಟು ತಿದ್ದಲೆಂದು ನನ್ನ ಮೇಜಿಗೆ ಬಂತು. ನಾನು ಬಿ.ಎ. ಓದುವಾಗ ಇದ್ದ ಪ್ರಶ್ನೆಯೇ ಇತ್ತು: ಥಾಮಸ್ ಹಾರ್ಡಿಯ ಕಾದಂಬರಿಗಳಲ್ಲಿ ವಿಧಿಯ ಪಾತ್ರವನ್ನು ‘ಟೆಸ್’ ಆಧರಿಸಿ ಚರ್ಚಿಸಿ. ಐದಾರು ಪತ್ರಿಕೆ ಓದುವಷ್ಟರಲ್ಲಿ ಮಿಕ್ಕವುಗಳಲ್ಲಿ ಏನಿರುತ್ತದೆಂದು ಗೊತ್ತಾಗಿಹೋಯಿತು. ಮದುವೆಗೆ ಮುಂಚೆ ಟೆಸ್ ತನ್ನ ಕಥೆಯನ್ನೆಲ್ಲ ಬರೆದು ಬಾಗಿಲಿನ ಅಡಿಯಿಂದ ತೂರಿಸಿದ ಪತ್ರ ಕಾರ್ಪೆಟ್ಟಿನ ಕೆಳಗೆ ಸೇರಿಕೊಂಡಿತು. ಏಂಜೆಲ್ ಕ್ಲೇರ್ ಅದನ್ನು ಓದಲಿಲ್ಲ. ಆದ್ದರಿಂದ ಅವಳ ಬಾಳು ಹಾಳಾಯಿತು. ಆದ್ದರಿಂದ ಹಾರ್ಡಿ ವಿಧಿವಾದಿ. ಒಂದೇ ಒಂದು ಪತ್ರಿಕೆ ಬೇರೆಯಾಗಿತ್ತು. ಅದರ ಮಾತನ್ನು ಕೊನೆಗೆ ಹೇಳುತ್ತೇನೆ.

ನನಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಇದೇ ಉತ್ತರವನ್ನು ಇದೇ ಗೈಡಿನಿಂದ ಬಾಯಿಪಾಠ ಮಾಡಿ ಒಳ್ಳೆಯ ಅಂಕ ಪಡೆದವಳು ನಾನು. ಈಗ ಸಂಶೋಧನೆಯ ಹೆಸರಿನಲ್ಲಿ ನಾಲ್ಕು ವರ್ಷ ಇದೇ ಕಾದಂಬರಿಗಳ ಜೊತೆ ಕೂತಮೇಲೆ ಅನ್ನಿಸುವುದಿಷ್ಟು: ನಾವು ಹಾರ್ಡಿಯನ್ನು ತಪ್ಪಾಗಿ ಪಾಠ ಮಾಡುತ್ತಿದ್ದೇವೆ, ಮತ್ತು ಈ ತಪ್ಪು ನಿರುಪದ್ರವಿಯಲ್ಲ.

ಮೊದಲು ಆ ಪತ್ರವನ್ನೇ ನೋಡೋಣ. ಪತ್ರ ತಲುಪಿಲ್ಲವೆಂಬುದು ಟೆಸ್‌ಗೆ ಮದುವೆಗೆ ಮುಂಚೆಯೇ ತಿಳಿಯುತ್ತದೆ. ಅವಳೇ ಅದನ್ನು ಕಾರ್ಪೆಟ್ಟಿನ ಅಡಿಯಿಂದ ಎಳೆದು ತೆಗೆದು ಹರಿದುಹಾಕುತ್ತಾಳೆ. ಆಮೇಲೂ ಬಾಯಿಬಿಟ್ಟು ಹೇಳಲು ಹೋಗುತ್ತಾಳೆ. ಅದೆಲ್ಲ ಇನ್ನೊಮ್ಮೆ ಆಗಲಿ ಎಂದು ಏಂಜೆಲ್ ನಗುತ್ತ ತಳ್ಳಿಹಾಕುತ್ತಾನೆ. ಮದುವೆಯ ರಾತ್ರಿ ಮೊದಲು ತಪ್ಪೊಪ್ಪಿಕೊಳ್ಳುವವನು ಅವನು. ಹಿಂದೊಮ್ಮೆ ಅಪರಿಚಿತ ಹೆಂಗಸೊಬ್ಬಳ ಜೊತೆ ಎರಡು ದಿನ ಕಳೆದಿದ್ದೆ ಎನ್ನುತ್ತಾನೆ. ಅವಳು ಒಂದು ಕ್ಷಣವೂ ಯೋಚಿಸದೆ ಕ್ಷಮಿಸುತ್ತಾಳೆ. ಅದೇ ಧೈರ್ಯದಿಂದ ತನ್ನದನ್ನು ಹೇಳಿದಾಗ ಅವನಿಗೆ ಅವಳು ಬೇರೆಯೇ ಹೆಂಗಸಾಗಿ ಕಾಣುತ್ತಾಳೆ.

ಪತ್ರ ಸರಿಯಾಗಿ ತಲುಪಿದ್ದರೆ ಏನಾಗುತ್ತಿತ್ತು? ಅವನು ಮದುವೆಯಾದ ರಾತ್ರಿ ಬಿಡುವ ಬದಲು ಮದುವೆಗೆ ಮುಂಚೆಯೇ ಬಿಡುತ್ತಿದ್ದ. ಬದಲಾಗುತ್ತಿದ್ದದ್ದು ತಾರೀಖು ಮಾತ್ರ. ಗಂಡಿಗೊಂದು ಹೆಣ್ಣಿಗೊಂದು ಎಂಬ ಆ ತಕ್ಕಡಿಯನ್ನು ಕಾರ್ಪೆಟ್ಟು ತಂದದ್ದಲ್ಲ. ಅದು ಏಂಜೆಲ್‌ನ ತಲೆಯಲ್ಲಿತ್ತು, ಅವನ ಪಾದ್ರಿ ತಂದೆಯ ಮನೆಯಲ್ಲಿತ್ತು, ಇಂಗ್ಲೆಂಡಿನ ಕಾನೂನಿನಲ್ಲೂ ಇತ್ತು. 1857ರ ವಿಚ್ಛೇದನ ಕಾಯಿದೆಯ ಪ್ರಕಾರ ಹೆಂಡತಿಯ ವ್ಯಭಿಚಾರವೊಂದೇ ಗಂಡನಿಗೆ ಸಾಕಾಗುತ್ತಿತ್ತು; ಹೆಂಡತಿಗಾದರೆ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಬೀತು ಮಾಡಬೇಕಿತ್ತು. ಈ ಭೇದ 1923ರವರೆಗೂ ಉಳಿಯಿತು. ಇಷ್ಟೆಲ್ಲ ಇರುವಾಗ ಒಂದು ಚದರ ಗಜದ ಕಾರ್ಪೆಟ್ಟಿನ ಮೇಲೆ ತಪ್ಪು ಹೊರಿಸುವುದು ಯಾರಿಗೆ ಅನುಕೂಲ?

ಕನ್ನಡದಲ್ಲಿ ‘ವಿಧಿ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಒಂದು, ಬ್ರಹ್ಮ ಹಣೆಯ ಮೇಲೆ ಬರೆದದ್ದು. ಇನ್ನೊಂದು, ಸಂವಿಧಾನದ 21ನೇ ವಿಧಿ ಎನ್ನುವಾಗಿನ ವಿಧಿ. ಅದು ಮನುಷ್ಯರು ಕೂತು ಬರೆದದ್ದು, ಮನುಷ್ಯರೇ ಕೂತು ತಿದ್ದಬಹುದಾದದ್ದು. ಇಂಗ್ಲಿಷಿನ ‘ಫೇಟ್’ಗೆ ಈ ಎರಡನೆಯ ಅರ್ಥವಿಲ್ಲ. ನನ್ನ ವಾದವನ್ನು ಒಂದೇ ಸಾಲಿನಲ್ಲಿ ಹೇಳಬಹುದಾದರೆ ಅದು ಕನ್ನಡದಲ್ಲೇ ಸಾಧ್ಯ: ಹಾರ್ಡಿಯ ಪಾತ್ರಗಳು ವಿಧಿಯಿಂದಲೇ ನಾಶವಾಗುತ್ತವೆ, ಆದರೆ ಎರಡನೆಯ ಅರ್ಥದ ವಿಧಿಯಿಂದ.

ಕಾದಂಬರಿಯನ್ನು ತೆರೆದು ನೋಡಿ. ಕುದುರೆ ಪ್ರಿನ್ಸ್ ಸಾಯುವುದಕ್ಕೆ ಸ್ವಲ್ಪ ಮುಂಚೆ ಟೆಸ್ ತನ್ನ ತಮ್ಮನಿಗೆ, ನಾವು ಕೊಳೆತ ನಕ್ಷತ್ರದ ಮೇಲೆ ಹುಟ್ಟಿದವರು ಎಂಬರ್ಥದ ಮಾತು ಹೇಳುತ್ತಾಳೆ. ಗೈಡುಗಳಿಗೆ ಈ ನಕ್ಷತ್ರ ಪಂಚಪ್ರಾಣ. ಆದರೆ ಆ ಹೊತ್ತಿನಲ್ಲಿ ಆ ಮಕ್ಕಳು ಗಾಡಿಯ ಮೇಲೆ ಯಾಕಿದ್ದಾರೆ? ಕುಡಿದು ಬಂದ ಅಪ್ಪ ಏಳಲಾರ; ಜೇನುಗೂಡುಗಳು ಬೆಳಗಾಗುವುದರೊಳಗೆ ಸಂತೆ ಮುಟ್ಟಬೇಕು; ಒಂದು ದಿನ ತಪ್ಪಿದರೂ ತಾಳಿಕೊಳ್ಳುವ ಶಕ್ತಿ ಆ ಮನೆಗಿಲ್ಲ. ಕುದುರೆ ಸತ್ತರೆ ಇನ್ನೊಂದನ್ನು ಕೊಳ್ಳುವ ದುಡ್ಡಿದ್ದವರ ಮನೆಯಲ್ಲಿ ಅದು ಅಪಘಾತವಾಗಿಯೇ ಉಳಿಯುತ್ತಿತ್ತು. ದುಡ್ಡಿಲ್ಲದ ಮನೆಯಲ್ಲಿ ಅದು ಮಗಳನ್ನು ಅಲೆಕ್‌ನ ಮನೆಯ ಕೋಳಿ ಸಾಕಲು ಕಳಿಸುತ್ತದೆ.

ಇನ್ನು ಕೊನೆಯ ಭಾಗ. ಟೆಸ್ ಮತ್ತೆ ಅಲೆಕ್‌ನ ಕೈಗೆ ಹೋಗುವುದು ಏಕೆ? ಅಪ್ಪ ಸತ್ತ ಎನ್ನುತ್ತೇವೆ. ಅಪ್ಪಂದಿರು ಎಲ್ಲರ ಮನೆಯಲ್ಲೂ ಸಾಯುತ್ತಾರೆ. ಆದರೆ ಆ ಮನೆಯ ಗೇಣಿ ಮೂವರ ಜೀವದ ಮೇಲೆ ಬರೆದದ್ದು. ಮೂರನೆಯ ಜೀವ ಅವಳ ಅಪ್ಪನದು. ಅವನ ಉಸಿರು ನಿಂತ ದಿನವೇ ಮನೆಯ ಹಕ್ಕೂ ನಿಂತಿತು. ತನ್ನ ಖಾಯಂ ಕೂಲಿಗಳನ್ನು ಇರಿಸಲು ಆ ಮನೆಯ ಮೇಲೆ ರೈತನೊಬ್ಬ ಬಹಳ ದಿನದಿಂದ ಕಣ್ಣಿಟ್ಟಿದ್ದ. ಲೇಡಿ ಡೇ ಎಂದು ಕರೆಯುವ ವಸಂತದ ಗಡುವಿನ ದಿನ ಒಬ್ಬ ವಿಧವೆಯೂ ಅವಳ ಮಕ್ಕಳೂ ಸಾಮಾನಿನ ಜೊತೆ ಬೀದಿಗೆ ಬೀಳುತ್ತಾರೆ. ಅವರಿಗೆ ಸೂರು ಕೊಡಬಲ್ಲವನು ಅಲೆಕ್ ಒಬ್ಬನೇ. ಈ ಸರಪಳಿಯಲ್ಲಿ ನಕ್ಷತ್ರ ಎಲ್ಲಿದೆ? ಇರುವುದು ಒಂದು ಗೇಣಿ ಪತ್ರ.

ಹಾರ್ಡಿಗೆ ಇದು ಪುಸ್ತಕದಿಂದ ಬಂದ ತಿಳಿವಳಿಕೆಯಲ್ಲ. ಅವನು 1840ರಲ್ಲಿ ಡಾರ್ಸೆಟ್‌ನಲ್ಲಿ ಕಲ್ಲುಕಟ್ಟಡದ ಮೇಸ್ತ್ರಿಯ ಮಗನಾಗಿ ಹುಟ್ಟಿದ. ಅದಕ್ಕೆ ಆರು ವರ್ಷ ಮುಂಚೆ, 1834ರಲ್ಲಿ, ಅವನ ಊರಿಗೆ ದೂರವಲ್ಲದ ಟೋಲ್‌ಪಡಲ್ ಹಳ್ಳಿಯ ಆರು ಜನ ಕೃಷಿ ಕೂಲಿಗಳನ್ನು, ಸಂಘ ಕಟ್ಟುವಾಗ ಗುಟ್ಟಿನ ಪ್ರಮಾಣ ಮಾಡಿದರೆಂಬ ನೆಪದಲ್ಲಿ ಡಾರ್ಚೆಸ್ಟರ್‌ನಲ್ಲಿ ವಿಚಾರಣೆ ಮಾಡಿ ಆಸ್ಟ್ರೇಲಿಯಾಕ್ಕೆ ಗಡಿಪಾರು ಮಾಡಿದ್ದರು. 1856ರಲ್ಲಿ ಅದೇ ಡಾರ್ಚೆಸ್ಟರ್‌ನಲ್ಲಿ, ತನ್ನನ್ನು ಹೊಡೆದ ಗಂಡನನ್ನು ಕೊಂದ ಮಾರ್ಥಾ ಬ್ರೌನ್ ಎಂಬ ಹೆಂಗಸನ್ನು ಸಾರ್ವಜನಿಕವಾಗಿ ಗಲ್ಲಿಗೇರಿಸಿದಾಗ 16 ವರ್ಷದ ಹಾರ್ಡಿ ಆ ಗುಂಪಿನಲ್ಲಿ ನಿಂತಿದ್ದ. 1883ರಲ್ಲಿ ಡಾರ್ಸೆಟ್ ಕೂಲಿಕಾರರ ಬಗ್ಗೆ ಲಾಂಗ್‌ಮನ್ಸ್ ಮ್ಯಾಗಜೀನಿನಲ್ಲಿ ಉದ್ದದ ಲೇಖನ ಬರೆದ. ಲೇಡಿ ಡೇ ದಿನ ಗಾಡಿಗಳ ಮೇಲೆ ಸಾಮಾನು ಹೇರಿಕೊಂಡು ವಲಸೆ ಹೋಗುವ ಕುಟುಂಬಗಳ ಚಿತ್ರ ಅದರಲ್ಲಿದೆ. ಎಂಟು ವರ್ಷಗಳ ನಂತರ ಅದೇ ಗಾಡಿಗಳು ‘ಟೆಸ್’ ಕಾದಂಬರಿಯೊಳಗೆ ಬಂದವು.

‘ಸರಿ, ಕಾದಂಬರಿಯ ಕೊನೆಯಲ್ಲಿ ಹಾರ್ಡಿಯೇ ಅಮರರ ಅಧಿಪತಿಯ ಆಟದ ಮಾತು ತೆಗೆಯುತ್ತಾನಲ್ಲ?’ ಎಂದು ನೀವು ಕೇಳಬಹುದು. ತೆಗೆಯುತ್ತಾನೆ. ಅದು ಗ್ರೀಕ್ ನಾಟಕಕಾರ ಈಸ್ಕಿಲಸ್‌ನಿಂದ ಪಡೆದ ನುಡಿಗಟ್ಟು. ಆದರೆ ಅದೇ ವಾಕ್ಯವೃಂದದಲ್ಲಿ ಅವನು ‘ನ್ಯಾಯ’ ಎಂಬ ಪದವನ್ನು ಉದ್ಧರಣ ಚಿಹ್ನೆಗಳ ಒಳಗೆ ಇಟ್ಟಿದ್ದಾನೆ. ನಮಗೆ ದೇವರುಗಳು ನೆನಪಿರುತ್ತಾರೆ, ಆ ಚಿಹ್ನೆಗಳು ನೆನಪಿರುವುದಿಲ್ಲ. ಜೈಲಿನ ಗೋಪುರದ ಮೇಲೆ ಏರುವ ಕಪ್ಪು ಬಾವುಟವನ್ನು ಯಾವ ದೇವರೂ ಏರಿಸುವುದಿಲ್ಲ. ಸಂಬಳ ಪಡೆಯುವ ನೌಕರನೊಬ್ಬ ಏರಿಸುತ್ತಾನೆ. ಹಾರ್ಡಿ ಇಪ್ಪತ್ತರ ಹರೆಯದಲ್ಲಿ ಬರೆದು 1898ರಲ್ಲಿ ಪ್ರಕಟಿಸಿದ ‘ಹ್ಯಾಪ್’ ಎಂಬ ಕವಿತೆಯ ದುಃಖವೇ ಅದು: ಸೇಡಿನ ದೇವರಾದರೂ ಇದ್ದಿದ್ದರೆ ಸಮಾಧಾನವಿರುತ್ತಿತ್ತು, ಹಾಗೆ ಯಾರೂ ಇಲ್ಲ. ಇಂಥವನನ್ನು ವಿಧಿವಾದಿ ಎನ್ನುವುದು ಸೋಮಾರಿತನ.

ವಿಧಿಯನ್ನು ಬಿಟ್ಟರೆ ನಮ್ಮ ತರಗತಿಗಳ ಎರಡನೆಯ ಆಸರೆ ‘ಸ್ವಭಾವ’. ಮನುಷ್ಯನ ಗುಣವೇ ಅವನ ಗತಿಯನ್ನು ನಿರ್ಧರಿಸುತ್ತದೆ ಎಂಬ ವಿಚಾರವನ್ನು ಹಾರ್ಡಿ ‘ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್’ನಲ್ಲಿ (1886) ಜರ್ಮನ್ ಕವಿ ನೋವಾಲಿಸ್‌ನ ಹೆಸರಿನಲ್ಲಿ ತರುತ್ತಾನೆ. ಪರೀಕ್ಷೆಗೆ ಇದಕ್ಕಿಂತ ಚೆಂದದ ಸೂತ್ರವಿಲ್ಲ. ಆದರೆ ಅದಕ್ಕೆ 26 ವರ್ಷ ಮುಂಚೆಯೇ, ‘ದಿ ಮಿಲ್ ಆನ್ ದ ಫ್ಲಾಸ್’ನಲ್ಲಿ ಜಾರ್ಜ್ ಎಲಿಯಟ್ ಅದೇ ನೋವಾಲಿಸ್‌ನ ಮಾತನ್ನು ಎತ್ತಿಕೊಂಡು, ಅದು ಪೂರ್ತಿ ನಿಜವಲ್ಲ ಎಂದಿದ್ದಳು. ಹ್ಯಾಮ್ಲೆಟ್‌ನ ಅಪ್ಪ ತುಂಬು ಆಯುಷ್ಯ ಬದುಕಿ, ಚಿಕ್ಕಪ್ಪ ಬೇಗ ಸತ್ತಿದ್ದರೆ, ಅದೇ ಸ್ವಭಾವದ ಹ್ಯಾಮ್ಲೆಟ್ ಮದುವೆಯಾಗಿ ಸಂಸಾರ ಮಾಡಿಕೊಂಡು ಇರಬಹುದಿತ್ತಲ್ಲ ಎಂಬುದು ಅವಳ ತರ್ಕ. ಈ ಉತ್ತರವನ್ನು ಮಾತ್ರ ಯಾವ ಗೈಡೂ ಅಚ್ಚುಹಾಕುವುದಿಲ್ಲ.

ಮೇಯರ್ ಮೈಕೆಲ್ ಹೆಂಚರ್ಡ್‌ನನ್ನೇ ತೆಗೆದುಕೊಳ್ಳಿ. ಕುಡಿದ ಅಮಲಿನಲ್ಲಿ ಹೆಂಡತಿಯನ್ನು ಐದು ಗಿನಿಗೆ ಮಾರಿದವನು. ಸಿಟ್ಟಿನವನು, ಹಟದವನು, ದುಡುಕಿನವನು. ಆದರೆ ಅದೇ ದುಡುಕಿನ ಮನುಷ್ಯ ಮುಂದಿನ ಹದಿನೆಂಟು ವರ್ಷಗಳಲ್ಲಿ ಹುಲ್ಲುಕೂಲಿಯಿಂದ ಊರಿನ ಮೇಯರ್ ಆದ. ಏರುವಾಗಲೂ ಇದ್ದ ಗುಣ ಇಳಿಯುವುದಕ್ಕೆ ಮಾತ್ರ ಹೇಗೆ ಕಾರಣವಾಯಿತು? ಅವನ ಪತನದ ವಾರಗಳನ್ನು ನಿಧಾನವಾಗಿ ಓದಿ. ಮಳೆ ಬರುತ್ತದೆಂದು ಕಣಿ ಹೇಳುವವನ ಮಾತು ನಂಬಿ ದುಬಾರಿ ಬೆಲೆಗೆ ಧಾನ್ಯ ಕೊಳ್ಳುತ್ತಾನೆ. ಬಿಸಿಲು ಬೀಳುತ್ತದೆ, ಬೆಲೆ ಕುಸಿಯುತ್ತದೆ, ನಷ್ಟದಲ್ಲಿ ಮಾರುತ್ತಾನೆ. ಮಾರಿದ ಬೆನ್ನಿಗೇ ಮಳೆ ಬರುತ್ತದೆ. ಕಣಿ ನಿಜವಾಗಿತ್ತು! ಅವನಿಗೆ ತಾಳ್ಮೆಯಿರಲಿಲ್ಲ ಎಂದು ನಿರೂಪಕ ಹೇಳುತ್ತಾನೆ. ಆದರೆ ಅದೇ ಅಧ್ಯಾಯದಲ್ಲಿ, ಲೆಕ್ಕ ಚುಕ್ತಾ ಮಾಡಲು ಮಾರಲೇಬೇಕಾಗಿತ್ತು, ಅವನ ಹೆಸರಿನ ಎಷ್ಟೋ ಆಸ್ತಿ ನಿಜವಾಗಿ ಬ್ಯಾಂಕಿನವರ ಕೈಯಲ್ಲಿತ್ತು ಎಂಬುದೂ ಇದೆ. ತಾಳ್ಮೆಯೂ ಒಂದು ಬಂಡವಾಳ. ಸಾಲಗಾರನಿಗೆ ಅದು ಸಿಗುವುದಿಲ್ಲ.

ಮಳೆಯ ಮೇಲೆ ಇಷ್ಟು ದೊಡ್ಡ ಜೂಜು ಯಾಕಿತ್ತು ಎಂಬುದನ್ನೂ ಹಾರ್ಡಿ ಹೇಳಿದ್ದಾನೆ. ಕಥೆ ನಡೆಯುವುದು ಧಾನ್ಯ ಕಾಯಿದೆಗಳು 1846ರಲ್ಲಿ ರದ್ದಾಗುವ ಮುಂಚೆ. ಹೊರದೇಶದ ಗೋಧಿಗೆ ಸುಂಕದ ಗೋಡೆ. ಆದ್ದರಿಂದ ಬೆಲೆ ಸ್ವದೇಶದ ಬೆಳೆಯನ್ನೇ ನೆಚ್ಚಿತ್ತು. ಭೂಮಾಲೀಕರ ಸಂಸತ್ತು ಭೂಮಾಲೀಕರಿಗಾಗಿ ಮಾಡಿದ ಕಾಯಿದೆ ಅದು. ಕ್ಯಾಸ್ಟರ್‌ಬ್ರಿಜ್‌ನ ಆಕಾಶದಲ್ಲಿ ದೇವರಿದ್ದನೋ ಇಲ್ಲವೋ ಗೊತ್ತಿಲ್ಲ, ಲಂಡನ್ನಿನ ಸಂಸತ್ತಂತೂ ಇತ್ತು.

ಹೆಂಚರ್ಡ್‌ನನ್ನು ನಿರ್ದೋಷಿ ಮಾಡುವುದು ನನ್ನ ಉದ್ದೇಶವಲ್ಲ. ಸಾಕುಮಗಳು ಎಲಿಜಬೆತ್-ಜೇನ್ ಸತ್ತುಹೋದಳು ಎಂದು ಅವಳ ನಿಜವಾದ ತಂದೆಗೆ ಸುಳ್ಳು ಹೇಳಿದ್ದು ಯಾವ ಕಾಯಿದೆಯ ತಪ್ಪೂ ಅಲ್ಲ. ಸ್ವಭಾವ ಎಂಬುದು ಇದೆ. ನನ್ನ ಪ್ರಶ್ನೆ ಇಷ್ಟೇ: ಯಾರ ಸ್ವಭಾವ ಅವರ ಗತಿಯಾಗುತ್ತದೆ? ಏಂಜೆಲ್ ಟೆಸ್‌ಗಿಂತ ದೊಡ್ಡ ತಪ್ಪು ಮಾಡುತ್ತಾನೆ. ಅವನಿಗೆ ಬ್ರೆಜಿಲ್‌ಗೆ ಹೋಗಿ ಕಾಯಿಲೆ ಬಿದ್ದು, ಬುದ್ಧಿ ಬಂದು, ಮರಳಿ ಬರುವ ಅವಕಾಶವಿದೆ. ಎಲಿಯಟ್‌ಳ ‘ಆಡಮ್ ಬೀಡ್’ನಲ್ಲಿ (1859) ಜಮೀನ್ದಾರನ ಮೊಮ್ಮಗ ಆರ್ಥರ್ ಹಳ್ಳಿಯ ಹುಡುಗಿ ಹೆಟ್ಟಿಯನ್ನು ಬಸಿರು ಮಾಡುತ್ತಾನೆ. ಶಿಶುಹತ್ಯೆಯ ಆರೋಪದಲ್ಲಿ ಅವಳಿಗೆ ಗಲ್ಲು ವಿಧಿಸುತ್ತಾರೆ, ಆಮೇಲೆ ಗಡಿಪಾರು. ಅವನು ಕೆಲವು ವರ್ಷ ಸೈನ್ಯದಲ್ಲಿದ್ದು ಊರಿಗೆ ಮರಳುತ್ತಾನೆ. ಉಳ್ಳವನ ಸ್ವಭಾವ ಅವನಿಗೆ ಪಾಠವಾಗುತ್ತದೆ, ಇಲ್ಲದವಳ ಸ್ವಭಾವ ಅವಳಿಗೆ ಗತಿಯಾಗುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಚರ್ಚಿಸಬೇಕಾದದ್ದು ಇದು.

ನನ್ನ ಗೆಳೆಯರು ಕೆಲವರು ಎತ್ತುವ ಆಕ್ಷೇಪ ನ್ಯಾಯವಾದದ್ದು: ಎಲ್ಲವನ್ನೂ ಗೇಣಿ, ಕೂಲಿ, ಕಾಯಿದೆ ಎಂದುಬಿಟ್ಟರೆ ದುರಂತದ ಭವ್ಯತೆ ಎಲ್ಲಿ ಉಳಿಯಿತು? ಗ್ರೀಕರ ರುದ್ರನಾಟಕವನ್ನು ಪಂಚಾಯ್ತಿ ವರದಿ ಮಾಡಿದಂತಾಗುವುದಿಲ್ಲವೇ? ನನಗೆ ಹಾಗನ್ನಿಸುವುದಿಲ್ಲ. ರಾಜರ ಸಾವು ದುರಂತ, ಸಾಮಾನ್ಯರ ಸಾವು ಬರಿಯ ಅಪಘಾತ ಎಂಬ ವಿಂಗಡಣೆಯನ್ನೇ ರೇಮಂಡ್ ವಿಲಿಯಮ್ಸ್ ‘ಮಾಡರ್ನ್ ಟ್ರ್ಯಾಜಿಡಿ’ಯಲ್ಲಿ (1966) ಪ್ರಶ್ನಿಸಿದ್ದಾನೆ. ತಪ್ಪಿಸಲಾಗದ್ದು ನಡೆದಾಗ ನಾವು ತಲೆಬಾಗುತ್ತೇವೆ. ತಪ್ಪಿಸಬಹುದಾಗಿದ್ದದ್ದು ನಡೆದಾಗ ಎದೆ ಉರಿಯುತ್ತದೆ. ‘ಟೆಸ್’ ಓದಿ ಮುಗಿಸಿದಾಗ ನನಗಾದದ್ದು ಎರಡನೆಯದು. ಅವಳ ಸಾವಿನ ಹಿಂದೆ ಹತ್ತು ಕಡೆ ಹತ್ತು ಜನ ಬೇರೆಯಾಗಿ ನಡೆದುಕೊಳ್ಳಬಹುದಿತ್ತು, ಒಬ್ಬರೂ ನಡೆದುಕೊಳ್ಳಲಿಲ್ಲ. ಇದಕ್ಕಿಂತ ಭಯಂಕರವಾದ ಭವ್ಯತೆ ನನಗೆ ಬೇಡ.

ಇದು ನಿರುಪದ್ರವಿ ತಪ್ಪಲ್ಲ ಎಂದೆ. ನನ್ನ ಸೋದರತ್ತೆ ಮದುವೆಯಾದ ವರ್ಷದೊಳಗೆ ತವರಿಗೆ ಬಂದು ಕೂತಾಗ ಮನೆಯವರೆಲ್ಲ ಆಡಿದ್ದು ಒಂದೇ ಮಾತು: ಅವಳ ಹಣೆಬರಹ. ಆ ಮಾತು ಹೇಳಿದ ಕೂಡಲೇ ಯಾರೂ ಯಾರನ್ನೂ ಏನೂ ಕೇಳಬೇಕಾಗಿ ಬರಲಿಲ್ಲ. ನಮ್ಮ ತರಗತಿಗಳಲ್ಲಿ ಕೂರುವ ಹುಡುಗಿಯರು ಇಂಥ ಮನೆಗಳಿಂದಲೇ ಬರುತ್ತಾರೆ. ಇಂಗ್ಲಿಷ್ ಸಾಹಿತ್ಯ ಓದಿದ ಮೇಲೂ ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಕಲಿಸಿ ಕಳಿಸುವುದಾದರೆ ನಾವು ಓದಿಸಿದ್ದಾದರೂ ಏನನ್ನು?

ಕೊನೆಗೆ ಹೇಳುತ್ತೇನೆಂದಿದ್ದ ಆ ಪತ್ರಿಕೆ. ಅದರ ಮೊದಲ ಪುಟದಲ್ಲಿ ತಪ್ಪು ವ್ಯಾಕರಣದ ಇಂಗ್ಲಿಷಿನಲ್ಲಿ ಒಂದು ಸಾಲಿತ್ತು: ಪತ್ರ ಸಿಕ್ಕಿದ್ದರೂ ಅವನು ಅವಳನ್ನು ಬಿಡುತ್ತಿದ್ದ. ಬರೆದವರು ಅದರ ಮೇಲೆ ಅಡ್ಡಗೆರೆ ಎಳೆದು, ಕೆಳಗಿನಿಂದ ಗೈಡಿನ ಉತ್ತರವನ್ನು ಸ್ವಚ್ಛವಾಗಿ ಬರೆದಿದ್ದರು. ಹೊಡೆದುಹಾಕಿದ ಸಾಲಿಗೆ ಅಂಕ ಕೊಡುವಂತಿಲ್ಲ. ನಾನೂ ಕೊಡಲಿಲ್ಲ.