ಮೂರನೇ ಸೀಲಿಗೆ ದುಡ್ಡು ಕೊಡುವ ಮೊದಲು

ಪಿಕಪ್ಪಿನ ಹಿಂದಿನ ಡಿಫರೆನ್ಷಿಯಲ್‌ನಿಂದ ಆಯಿಲ್ ಸೋರುತ್ತದೆ. ಸೀಲ್ ಬದಲಿಸುತ್ತೇವೆ. ನಾಲ್ಕೈದು ತಿಂಗಳಿಗೆ ಮತ್ತೆ ಸೋರುತ್ತದೆ, ಮತ್ತೆ ಸೀಲ್ ಬದಲಿಸುತ್ತೇವೆ. ಮೂರನೇ ಸಲ ಗ್ಯಾರೇಜಿನವನು "ಹೋದ ಸಲದ್ದು ಡುಪ್ಲಿಕೇಟ್ ಇರಬೇಕು, ಈ ಸಲ ಒರಿಜಿನಲ್ಲೇ ಹಾಕೋಣ" ಅನ್ನುತ್ತಾನೆ, ನಾವು ತಲೆಯಾಡಿಸುತ್ತೇವೆ. ಈ ತಲೆಯಾಡಿಸುವುದರ ಮೇಲೆಯೇ ನನ್ನ ತಕರಾರು. ಒಂದೇ ಜಾಗದಲ್ಲಿ ಎರಡು ಸಲ ಸೀಲ್ ಸೋತಿದೆಯೆಂದರೆ ತಪ್ಪು ಬಹುಮಟ್ಟಿಗೆ ಸೀಲಿನದ್ದಲ್ಲ. ಯಾಕೆ ಸೋತಿತು ಎಂದು ಬಿಲ್ಲಿನಲ್ಲಿ ಬರೆದು ಕೊಡಿ ಎಂದು ಕೇಳುವ ಹಕ್ಕು ದುಡ್ಡು ಕೊಡುವವನಿಗೆ ಇದೆ. ನಮ್ಮವರು ಕೇಳುವುದಿಲ್ಲ.

ಹ್ಯಾಂಬರ್ಗಿನಲ್ಲಿ ಕೂತವನಿಗೆ ಗಲ್ಫ್ ಸಂಘದ ವಾರ್ಷಿಕ ಸಂಚಿಕೆಯಲ್ಲಿ ಇದರ ಮಾತೇಕೆ ಎಂದು ಕೇಳಬಹುದು. ಒಂಬತ್ತು ವರ್ಷ ನಾನು ನಿಮ್ಮ ನಡುವೆ, ಆಸ್ಪತ್ರೆಯೊಂದರ ಫಾರ್ಮಸಿಯಲ್ಲಿ ಇದ್ದವನು. ಸಂಘದ ಕಾರ್ಯಕ್ರಮಗಳಿಗೆ ಕುರ್ಚಿ, ಊಟದ ಪಾತ್ರೆ, ಯಕ್ಷಗಾನದ ಪೆಟ್ಟಿಗೆ ಎಲ್ಲವೂ ಬರುತ್ತಿದ್ದದ್ದು ಸದಸ್ಯರ ಪಿಕಪ್ಪುಗಳಲ್ಲೇ. ಎಸಿ ರಿಪೇರಿ, ಪ್ಲಂಬಿಂಗ್, ಕೇಟರಿಂಗ್ ಮಾಡುವವರಿಗೆ ಆ ಗಾಡಿಯೇ ಅಂಗಡಿ. ಅದು ಎರಡು ದಿನ ಗ್ಯಾರೇಜಿನಲ್ಲಿ ನಿಂತರೆ ಊರಿಗೆ ಹೋಗುವ ದುಡ್ಡಿನಲ್ಲಿ ಎರಡು ದಿನದ್ದು ಕಡಿಮೆ.

ಇಲ್ಲಿಯೂ ನಮ್ಮ ಕುಂದಾಪುರದ ಕಡೆಯ ಗೆಳೆಯರೊಬ್ಬರು ಹಳೆಯ ಪಿಕಪ್ಪಿನಲ್ಲಿ ಮನೆ ಸಾಮಾನು ಸಾಗಿಸುವ ಕೆಲಸ ಮಾಡುತ್ತಾರೆ. ಹದಿನಾಲ್ಕು ತಿಂಗಳಲ್ಲಿ ಅವರ ಗಾಡಿಗೆ ಮುಂಭಾಗದ ಪಿನಿಯನ್ ಸೀಲನ್ನು ಎರಡು ಸಲ ಹಾಕಿದ್ದರು. ಸೀಲಿನ ಬೆಲೆ ಒಂದು ಹೊತ್ತಿನ ಊಟದಷ್ಟು. ಕೂಲಿ ಅದರ ಹತ್ತು ಪಟ್ಟಿಗೂ ಮೇಲೆ. ಜರ್ಮನಿಯಲ್ಲಿ ಇಂಥ ಗಾಡಿಗೆ ಎರಡು ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯ, ಜನ ಅದನ್ನು ಒಟ್ಟಾರೆ ‘ಟ್ಯೂಫ್’ ಅನ್ನುತ್ತಾರೆ. ಅಡಿಯಲ್ಲಿ ಬರೀ ಒದ್ದೆ ಕಂಡರೆ ಸಣ್ಣ ದೋಷವೆಂದು ಬರೆದು ಬಿಡುವುದುಂಟು. ಹನಿ ತೊಟ್ಟಿಕ್ಕಿದರೆ ಗಂಭೀರ ದೋಷ, ನಂಬರ್ ಪ್ಲೇಟಿನ ಸ್ಟಿಕ್ಕರ್ ಸಿಗುವುದಿಲ್ಲ, ಒಂದು ತಿಂಗಳೊಳಗೆ ಸರಿಪಡಿಸಿ ಮತ್ತೆ ತೋರಿಸಬೇಕು. ಗೆಳೆಯರಿಗೆ ಆದದ್ದು ಇದೇ. ಮೂರನೇ ಸೀಲಿಗೆ ಗ್ಯಾರೇಜು ದಿನ ಕೊಟ್ಟೂ ಆಗಿತ್ತು.

ಆ ದಿನಕ್ಕೆ ಮೊದಲು ಅವರು ಗಂಟೆ ಲೆಕ್ಕದಲ್ಲಿ ಲಿಫ್ಟ್ ಬಾಡಿಗೆಗೆ ಕೊಡುವ ವರ್ಕ್‌ಶಾಪಿಗೆ ಗಾಡಿ ಒಯ್ದರು. ಜರ್ಮನಿಯಲ್ಲಿ ಇಂಥವು ಇವೆ. ಲಿಫ್ಟು, ಸ್ಪ್ಯಾನರು ಅವರದ್ದು, ಕೆಲಸ ನಮ್ಮದು. ನಾನೂ ಟಾರ್ಚು ಹಿಡಿಯಲು ಹೋಗಿದ್ದೆ. ಅಲ್ಲಿದ್ದ ವಯಸ್ಸಾದ ಮೆಕ್ಯಾನಿಕ್ ಸೀಲನ್ನು ನೋಡಲೇ ಇಲ್ಲ. ಆಯಿಲ್ ತುಂಬುವ ಬೋಲ್ಟನ್ನು ನಿಧಾನ ಸಡಿಲಿಸಿದರು. ‘ಉಸ್ಸ್’ ಎಂದು ಗಾಳಿ ಹೊರಬಂತು. ಆಮೇಲೆ ಆಕ್ಸಲ್ ಹೌಸಿಂಗಿನ ಮೇಲ್ಭಾಗಕ್ಕೆ ಕೈ ಹಾಕಿ ಹೆಬ್ಬೆರಳಿನ ಉಗುರಿನಷ್ಟಿದ್ದ ಒಂದು ಮುಚ್ಚಳವನ್ನು ತಿರುಗಿಸಿ ತೆಗೆದರು. ತುಕ್ಕು, ಮಣ್ಣು ಸೇರಿ ಅದು ಕಲ್ಲಾಗಿತ್ತು. ಅದೇ ಬ್ರೀದರ್.

ಡಿಫರೆನ್ಷಿಯಲ್ ಅಂದರೆ, ನಮ್ಮ ಲಾರಿಯವರ ಮಾತಿನಲ್ಲಿ ‘ಹೌಸಿಂಗ್’, ಎರಡು-ಮೂರು ಲೀಟರ್ ಆಯಿಲ್ ಮತ್ತು ಉಳಿದ ಜಾಗದಲ್ಲಿ ಗಾಳಿ ಇರುವ ಕಬ್ಬಿಣದ ಡಬ್ಬಿ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು, ಒಳಗಿನ ಚಕ್ರ ಕಡಿಮೆ ತಿರುಗುವಂತೆ ಮಾಡುವ ಈ ಉಪಾಯಕ್ಕೆ ಫ್ರಾನ್ಸಿನ ಪೆಕ್ಯೂರ್ ಎಂಬವರು 1828ರಲ್ಲೇ ಉಗಿಬಂಡಿಗಾಗಿ ಪೇಟೆಂಟ್ ಪಡೆದಿದ್ದರು. ಗಾಡಿ ಓಡಿದಂತೆ ಆಯಿಲ್ ಕಾಯುತ್ತದೆ, ಗಾಳಿ ಹಿಗ್ಗುತ್ತದೆ. ಹ್ಯಾಂಬರ್ಗಿನ ಚಳಿಯಲ್ಲಿ ಸೊನ್ನೆ ಡಿಗ್ರಿಯಿಂದ 70ಕ್ಕೆ ಏರಿದರೂ, ಗಲ್ಫಿನ ಬೇಸಿಗೆಯಲ್ಲಿ 35ರಿಂದ 100ಕ್ಕೆ ಏರಿದರೂ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ಹೋಗಲು ದಾರಿ ಇಲ್ಲದಿದ್ದರೆ ಒಳಗಿನ ಒತ್ತಡ ಐದನೇ ಒಂದರಿಂದ ಕಾಲು ಭಾಗದಷ್ಟು ಹೆಚ್ಚುತ್ತದೆ. ಟೈರಿನ ಮೀಟರಿನಲ್ಲಿ 35 ಎಂದು ತೋರುವಲ್ಲಿ ಇದು ಮೂರು, ಮೂರೂವರೆ. ಟೈರಿಗೆ ಇದು ಏನೂ ಅಲ್ಲ. ತಿರುಗುವ ಶಾಫ್ಟನ್ನು ಬರೀ ತುಟಿಯಂಚಿನಿಂದ ಮುಟ್ಟಿ ಕೂತಿರುವ ರಬ್ಬರಿಗೆ ಇದು ಬಹಳ. ಆ ರಬ್ಬರನ್ನು ಆಯಿಲ್ ತಡೆಯಲು ಮಾಡಿದ್ದು, ಒತ್ತಡ ತಡೆಯಲು ಅಲ್ಲ. ಒತ್ತಡ ಹೊರಹೋಗಲೆಂದೇ ಬ್ರೀದರ್ ಇರುವುದು.

ಫಾರ್ಮಸಿಯಲ್ಲಿ ಕೆಲಸ ಮಾಡುವವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ರಬ್ಬರ್ ಮುಚ್ಚಳದ ವಯಲ್‌ಗೆ ಹೆಚ್ಚು ಗಾಳಿ ತುಂಬಿದರೆ ಸೂಜಿ ತೆಗೆದಾಗ ಔಷಧ ಚಿಮ್ಮುತ್ತದೆ. ಕ್ಯಾನ್ಸರ್ ಔಷಧವಾದರೆ ಅದು ತಯಾರಿಸುವವರ ಆರೋಗ್ಯಕ್ಕೇ ಅಪಾಯ. ಅದಕ್ಕೆ ಗಾಳಿ ಹೋಗಿಬರಲು ಫಿಲ್ಟರ್ ಇರುವ ಸ್ಪೈಕ್ ಬಳಸುತ್ತೇವೆ. ಚಿಮ್ಮಿತೆಂದು ಯಾರೂ ರಬ್ಬರನ್ನು ಬೈಯುವುದಿಲ್ಲ.

ಸೀಲಿನ ಬಗ್ಗೆ ಒಂದು ಮಾತು. ಇಲ್ಲಿನ ಮೆಕ್ಯಾನಿಕ್‌ಗಳು ಯಾವ ಕಂಪನಿಯದ್ದಾದರೂ ಅದನ್ನು ‘ಸಿಮ್ಮರ್‌ರಿಂಗ್’ ಅನ್ನುತ್ತಾರೆ. ವೈನ್‌ಹೈಮ್ ಊರಿನ ಫ್ರಾಯ್ಡೆನ್‌ಬೆರ್ಗ್ ಚರ್ಮ ಹದಮಾಡುವ ಕಂಪನಿಯಾಗಿತ್ತು. ಅಲ್ಲಿನ ಎಂಜಿನಿಯರ್ ವಾಲ್ಟರ್ ಸಿಮ್ಮರ್ ಅವರ ಹೆಸರು ಈ ಉಂಗುರಕ್ಕೆ ಬಂತು. ಮೊದಲು ಅದರ ತುಟಿ ಚರ್ಮದ್ದು, ಕೃತಕ ರಬ್ಬರು ಬಂದದ್ದು ಆಮೇಲೆ.

ಬ್ರೀದರ್ ಕಟ್ಟುವ ಕಾರಣ ಮಾತ್ರ ಊರಿಂದೂರಿಗೆ ಬೇರೆ. ಹ್ಯಾಂಬರ್ಗಿನಲ್ಲಿ ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪಿನಿಂದ ತುಕ್ಕು. ನಿಮ್ಮಲ್ಲಿ ಹಿಟ್ಟಿನಂಥ ಮರಳು. ನಮ್ಮ ಕರಾವಳಿಯಲ್ಲಿ ಮಳೆಗಾಲದ ಕೆಂಪು ಕೆಸರು. ಕಟ್ಟಿದ ಮೇಲೆ ಇನ್ನೊಂದು ಉಪದ್ರವವೂ ಇದೆ. ಬಿಸಿಯಾದ ಹೌಸಿಂಗ್ ನೀರಿನಲ್ಲಿ ಇಳಿದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಬೋಲ್ಟ್ ತೆಗೆದಾಗ ಆಯಿಲ್ ಮಜ್ಜಿಗೆಯಂತೆ ಕಂಡರೆ ನೀರು ಸೇರಿದೆ ಎಂದೇ ಅರ್ಥ. ಒಳ್ಳೆಯ ಆಯಿಲಿಗೆ ಇಂಗಿನಂಥ ಗಂಧಕದ ವಾಸನೆ ಇರುತ್ತದೆ. ಹಲ್ಲಿನ ಮೇಲೆ ಹಲ್ಲು ಜಾರುವ ಈ ಗೇರಿಗೆ ಬೇಕಾದ ಗಂಧಕ-ರಂಜಕದ ಅಂಶದ್ದು ಅದು. ಡಬ್ಬಿಯ ಮೇಲೆ ಜಿಎಲ್-5 ಎಂದು ಬರೆದದ್ದು ಇದಕ್ಕೇ. ಉಳಿಯಿತೆಂದು ಅದನ್ನೇ ಗೇರ್‌ಬಾಕ್ಸಿಗೆ ಸುರಿಯಬೇಡಿ, ಅಲ್ಲಿನ ಹಿತ್ತಾಳೆಗೆ ಆ ಗಂಧಕ ಒಳ್ಳೆಯದಲ್ಲ.

ಎಲ್ಲ ಸೋರಿಕೆಯೂ ಬ್ರೀದರಿನಿಂದ ಎಂದು ನಾನು ಹೇಳುತ್ತಿಲ್ಲ. ಹಳೆಯ ಸೀಲಿನ ತುಟಿ ಉಜ್ಜಿ ಉಜ್ಜಿ ಫ್ಲ್ಯಾಂಜಿನ ಮೇಲೆ ಗೀರು ಬಿದ್ದಿದ್ದರೆ ಹೊಸ ಸೀಲ್ ಆ ಗೀರಿನಲ್ಲೇ ಕೂತು ಸೋರುತ್ತದೆ. ಉಗುರು ಹಾಕಿ ನೋಡಿದರೆ ತಿಳಿಯುತ್ತದೆ, ತೆಳುವಾದ ಉಕ್ಕಿನ ಸ್ಲೀವ್ ಹಾಕಿದರೆ ಸರಿಹೋಗುತ್ತದೆ. ಪಿನಿಯನ್ ಬೇರಿಂಗ್ ಸವೆದು ಶಾಫ್ಟ್ ಅಲುಗುತ್ತಿದ್ದರೆ ಯಾವ ಸೀಲೂ ನಿಲ್ಲದು. ಇಳಿಜಾರಿನಲ್ಲಿ ನಿಲ್ಲಿಸಿ ಆಯಿಲ್ ತುಂಬಿದರೆ ಹೆಚ್ಚಾಗಿ ಸೋರಬಹುದು. ಗಾಡಿ ಸಮ ನೆಲದಲ್ಲಿರಬೇಕು, ಆಯಿಲ್ ತುಂಬುವ ತೂತಿನ ಕೆಳಅಂಚಿಗೆ ಬಂದರೆ ಸಾಕು. ಒಂದು ಟನ್ ಹೇರುವ ಗಾಡಿಗೆ ಎರಡು ಟನ್ ಹೇರುವುದನ್ನು ಎಲ್ಲರೂ ನೋಡಿದ್ದೇವೆ. ಆಕ್ಸಲ್ ಟ್ಯೂಬ್ ಕೂದಲೆಳೆಯಷ್ಟು ಬಾಗಿದರೂ ಚಕ್ರದ ಬದಿಯ ಸೀಲಿಗೆ ಆಯುಸ್ಸಿಲ್ಲ. ಪಿನಿಯನ್ ನಟ್ಟನ್ನು ಗುರುತು ಹಾಕದೆ ಬಿಚ್ಚಿ, ಕೈಗೆ ಸಿಕ್ಕಷ್ಟು ಬಿಗಿದರೆ ಬೇರಿಂಗಿನ ಬಿಗಿತವೇ ಹಾಳು. ಅಲ್ಲಿಂದ ಮುಂದೆ ಸೋರಿಕೆಯಲ್ಲ, ಗೇರಿನ ಕೂಗು ಕೇಳಿಸುತ್ತದೆ.

ಎಲ್ಲಿಂದ ಸೋರುತ್ತಿದೆ ಎಂದು ಮೊದಲು ಗೊತ್ತಾಗಬೇಕಲ್ಲ. ಓಡುವಾಗ ಗಾಳಿ ಎಲ್ಲವನ್ನೂ ಹಿಂದಕ್ಕೆ ಬಳಿಯುತ್ತದೆ. ಹೌಸಿಂಗನ್ನು ಪೂರ್ತಿ ತೊಳೆದು ಒಣಗಿಸಿ, ಮಗುವಿನ ಪೌಡರ್ ಸಿಂಪಡಿಸಿ ಸ್ವಲ್ಪ ದೂರ ಓಡಿಸಿ ಬನ್ನಿ. ಬಿಳಿಯ ಮೇಲೆ ಕಪ್ಪು ಗೆರೆ ಎಲ್ಲಿ ಶುರುವಾಗಿದೆಯೋ ಅಲ್ಲಿಯೇ ರೋಗ.

"ಹಳೆ ಗಾಡಿ, ಸ್ವಲ್ಪ ಸೋರಿದರೆ ಸೋರಲಿ, ತಿಂಗಳಿಗೊಮ್ಮೆ ಟಾಪ್ ಅಪ್ ಮಾಡಿದರಾಯಿತು" ಎನ್ನುವವರಿದ್ದಾರೆ. ಪಿನಿಯನ್ ಬದಿಯ ಬರೀ ಒದ್ದೆಗೆ ಈ ಮಾತು ಒಪ್ಪಬಹುದು, ನಾನು ಅಷ್ಟು ಶಿಸ್ತಿನವನಲ್ಲ. ಆದರೆ ಡಿಫರೆನ್ಷಿಯಲ್ ಆಯಿಲ್ ಕಡಿಮೆಯಾಯಿತೆಂದು ಹೇಳಲು ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪವಿಲ್ಲ. ಚಕ್ರದ ಬದಿಯ ಸೀಲ್ ಸೋರಿದರಂತೂ ಆಯಿಲ್ ಬೀಳುವುದು ನೆಲಕ್ಕಲ್ಲ, ಬ್ರೇಕ್ ಡ್ರಮ್ಮಿನೊಳಕ್ಕೆ. ಆಯಿಲ್ ಕುಡಿದ ಬ್ರೇಕ್ ಲೈನರ್ ಹಿಡಿಯುವುದಿಲ್ಲ, ಅಥವಾ ಒಂದೇ ಬದಿ ಹಿಡಿದು ಗಾಡಿ ಅಡ್ಡ ತಿರುಗುತ್ತದೆ. ಹಿಂದೆ ಗ್ಯಾಸ್ ಸಿಲಿಂಡರು, ಮುಂದೆ ಮೂರು ಜನ, 120ರ ವೇಗದ ಹೆದ್ದಾರಿ. ಆಸ್ಪತ್ರೆಯಲ್ಲಿ ಅಪಘಾತದವರಿಗೆ ಬೇಕಾದ ಔಷಧಗಳ ಚೀಟಿ ಬರುವುದು ನಮ್ಮ ಕೌಂಟರಿಗೇ. ಹಿಂದಿನ ಚಕ್ರದ ಒಳಬದಿ ಒದ್ದೆಯಿದ್ದರೆ ಆ ದಿನವೇ ಗಾಡಿ ನಿಲ್ಲಿಸಬೇಕು. ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವುದು ಬೇಡ, ಹೊಸದೇ ಬೇಕು.

ರಬ್ಬರನ್ನು ಉಬ್ಬಿಸುವ ‘ಲೀಕ್ ಸ್ಟಾಪ್’ ಬಾಟಲಿಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಬಿಪಿಗೆ ಅಮ್ಲೋಡಿಪಿನ್ ಕೊಟ್ಟು, ಅದರಿಂದ ಕಾಲು ಊದಿದರೆ ಊತಕ್ಕೆ ಮೂತ್ರದ ಮಾತ್ರೆ, ಅದರಿಂದ ಪೊಟ್ಯಾಸಿಯಂ ಇಳಿದರೆ ಅದಕ್ಕೆ ಇನ್ನೊಂದು ಎಂದು ಚೀಟಿ ಉದ್ದವಾಗುತ್ತಾ ಹೋಗುವುದನ್ನು ದಿನವೂ ನೋಡುತ್ತೇನೆ. ಪಾಸಿಂಗ್‌ಗೆ ಮುಂಚಿನ ದಿನ ಅಡಿಯನ್ನು ಪ್ರೆಷರ್ ವಾಶ್ ಮಾಡಿಸುವುದೂ ಇದೇ ಜಾತಿ. ಇಲ್ಲಿ ರಸ್ತೆಗೆ ಆಯಿಲ್ ಚೆಲ್ಲಿದರೆ ತೆಗೆಸುವ ಖರ್ಚು ನಮ್ಮ ತಲೆಗೇ ಬರಬಹುದು, ನೀರಿಗೆ ಸೇರಿದರೆ ಕ್ರಿಮಿನಲ್ ಅಪರಾಧ. ಎಲ್ಬೆ ನದಿಯ ಊರಿನಲ್ಲಿ ಮಳೆನೀರಿನ ಚರಂಡಿ ಎಲ್ಲಿಗೆ ಸೇರುತ್ತದೆಂದು ಎಲ್ಲರಿಗೂ ಗೊತ್ತು. ಆದರೆ ಹೊಸ ಆಯಿಲ್ ಮಾರಿದ ಅಂಗಡಿಯವನು ಅಷ್ಟೇ ಹಳೆಯ ಆಯಿಲನ್ನು ದುಡ್ಡಿಲ್ಲದೆ ವಾಪಸ್ ತೆಗೆದುಕೊಳ್ಳಬೇಕು ಎಂಬ ಕಾನೂನೂ ಇದೆ. ಬಿಲ್ ಇಟ್ಟುಕೊಂಡಿದ್ದರೆ ಸಾಕು. ಇಂಥದ್ದು ನಮ್ಮೂರಲ್ಲೂ ಇದ್ದಿದ್ದರೆ ಎಷ್ಟೋ ಬಾವಿಗಳು ಉಳಿಯುತ್ತಿದ್ದವು.

ಮೆಕ್ಯಾನಿಕ್‌ಗಳೆಲ್ಲ ಮೋಸಗಾರರು ಎನ್ನುವುದು ನನ್ನ ಮಾತಲ್ಲ. ಸೀಲ್ ಬದಲಿಸು ಎಂದು ಹೇಳಿದವರಿಗೆ ಅವರು ಸೀಲ್ ಬದಲಿಸಿ ಕೊಡುತ್ತಾರೆ. ನಾವು ಹೇಳಬೇಕಾದದ್ದು "ಸೋರುತ್ತಿದೆ, ಕಾರಣ ಹುಡುಕಿ" ಎಂದು. ಪರದೇಶದಲ್ಲಿ ಭಾಷೆ ಬಾರದ ಅಂಜಿಕೆಯಿಂದ ಪ್ರಶ್ನೆ ನುಂಗಿಕೊಳ್ಳುವುದು ನಮಗೆ ಅಭ್ಯಾಸವಾಗಿದೆ, ಜರ್ಮನ್ ಆಗಲಿ, ಅರಬ್ಬಿ ಆಗಲಿ. ನನ್ನ ಗೆಳೆಯರು ಮೂರನೇ ಸೀಲನ್ನು ರದ್ದು ಮಾಡಿ, ಹೊಸ ಬ್ರೀದರಿಗೆ ಒಂದು ಉದ್ದನೆಯ ಪೈಪ್ ಸೇರಿಸಿ ಮೇಲೆ ಚಾಸಿಗೆ ಕಟ್ಟಿಸಿದರು. ಸೀಲ್ ಹಳೆಯದೇ ಇದೆ, ಹನಿ ನಿಂತಿದೆ, ಸ್ಟಿಕ್ಕರೂ ಬಂತು.

ಸಂಘದವರಲ್ಲಿ ಒಂದು ವಿನಂತಿ. ವರ್ಷಕ್ಕೊಮ್ಮೆ ರಕ್ತದಾನ ಶಿಬಿರ ಮಾಡುತ್ತೀರಿ, ಬಿಪಿ-ಶುಗರ್ ನೋಡುತ್ತೀರಿ. ಸದಸ್ಯರಲ್ಲೇ ನುರಿತ ಮೆಕ್ಯಾನಿಕ್‌ಗಳು ಇದ್ದಾರೆ. ಒಂದು ರಜೆಯ ದಿನ ಬೆಳಿಗ್ಗೆ, ಬಿಸಿಲೇರುವ ಮೊದಲು, ಇಪ್ಪತ್ತು ಪಿಕಪ್ಪುಗಳನ್ನು ಸಾಲಾಗಿ ನಿಲ್ಲಿಸಿ ಬ್ರೀದರ್, ಆಯಿಲ್ ಮಟ್ಟ, ಹಿಂದಿನ ಚಕ್ರದ ಒಳಬದಿ ಈ ಮೂರನ್ನು ನೋಡಲು ಒಂದು ಗಾಡಿಗೆ ಹತ್ತು ನಿಮಿಷ ಸಾಕು. ಇಬ್ಬರು ಕೂತರೆ ಉಪ್ಪಿಟ್ಟು, ಚಹದ ಹೊತ್ತಿಗೆ ಮುಗಿಯುತ್ತದೆ. ಬೋಲ್ಟ್ ಬಿಚ್ಚುವಾಗ ಆಯಿಲ್ ಬಿಸಿ ಇರಬಾರದು, ಕೈಗೆ ಕೈಗವಸು ಇರಲಿ, ಮತ್ತೆ ತುಂಬುವ ಬೋಲ್ಟು ಬಿಚ್ಚಲು ಬರುತ್ತದೆಯೇ ಎಂದು ನೋಡದೆ ಕೆಳಗಿನ ಡ್ರೈನ್ ಬೋಲ್ಟನ್ನು ಯಾರೂ ಮುಟ್ಟಬೇಡಿ.