ಟೊಯೊಸುವಿನ ಒಂಬತ್ತನೇ ಪರೀಕ್ಷೆ

ಕಲುಷಿತ ಜಾಗಗಳ ನಿರ್ವಹಣೆಗೆಂದು ಕೇಂದ್ರ ಪರಿಸರ ಸಚಿವಾಲಯ 2025ರ ಜುಲೈನಲ್ಲಿ ಹೊರಡಿಸಿದ ನಿಯಮಗಳ ಕುರಿತ ಚರ್ಚೆ ಎರಡೇ ಪ್ರಶ್ನೆಗಳ ಸುತ್ತ ಗಿರಕಿ ಹೊಡೆಯುತ್ತಿದೆ: ಖರ್ಚು ಯಾರದು, ಗಡುವು ಎಷ್ಟು? ಶಂಕಿತ ಜಾಗದ ಪ್ರಾಥಮಿಕ ತಪಾಸಣೆಗೆ 90 ದಿನ, ವಿವರವಾದ ಸಮೀಕ್ಷೆಗೆ ಇನ್ನೂ ಮೂರು ತಿಂಗಳು. ದೇಶದಲ್ಲಿ ಗುರುತಿಸಿದ 103 ಜಾಗಗಳ ಪೈಕಿ ಬರೀ ಏಳರಲ್ಲಿ ಶುದ್ಧೀಕರಣ ಶುರುವಾಗಿತ್ತು ಎಂಬುದನ್ನು ನೆನೆದರೆ ಈ ಆತುರ ಅರ್ಥವಾಗುತ್ತದೆ. ಆದರೆ ಕಡಲಂಚಿನ, ನದಿಯಂಚಿನ ಹಳೆಯ ಕಾರ್ಖಾನೆ ನೆಲಗಳಿಗೆ ಈ ಲೆಕ್ಕ ಸಾಲದು. ಅಲ್ಲಿ ಎಷ್ಟು ಮಣ್ಣು ಅಗೆದು ಸಾಗಿಸಿದರು ಎಂಬುದಕ್ಕಿಂತ, ಆಮೇಲೆ ಅಂತರ್ಜಲದ ಮೇಲೆ ಎಷ್ಟು ಕಾಲ ಕಣ್ಣಿಟ್ಟರು ಎಂಬುದೇ ದೊಡ್ಡ ಪ್ರಶ್ನೆ.

ಟೋಕಿಯೊದ ಟೊಯೊಸುವನ್ನು ನೋಡಿ.

ಸಮುದ್ರ ತುಂಬಿಸಿ ಮಾಡಿದ ಸುಮಾರು 40 ಹೆಕ್ಟೇರ್ ನೆಲ ಅದು. 1956ರಿಂದ 1988ರವರೆಗೆ ಅಲ್ಲಿ ಅನಿಲ ತಯಾರಿಕಾ ಕಾರ್ಖಾನೆಯಿತ್ತು. ತ್ಸುಕಿಜಿಯ ಹೆಸರಾಂತ ಮೀನು ಮಾರುಕಟ್ಟೆಯನ್ನು ಅಲ್ಲಿಗೆ ಸ್ಥಳಾಂತರಿಸಲು ಹೊರಟಾಗ, 2008ರಲ್ಲಿ, ಮಣ್ಣಿನಲ್ಲಿ ಮಿತಿಯ 43,000 ಪಟ್ಟು ಬೆಂಜೀನ್ ಸಿಕ್ಕಿತು. ಪರಿಹಾರವೂ ಅಷ್ಟೇ ಭಾರಿಯಾಗಿತ್ತು. ಹಳೆಯ ನೆಲಮಟ್ಟದಿಂದ ಎರಡು ಮೀಟರ್ ಅಗೆದು ಶುದ್ಧ ಮಣ್ಣು ತುಂಬುವುದು, ಅದರ ಮೇಲೆ ಇನ್ನೂ ಎರಡೂವರೆ ಮೀಟರ್ ಏರಿಸುವುದು. ವೆಚ್ಚ ಸುಮಾರು 8,600 ಕೋಟಿ ಯೆನ್.

ಮುಖ್ಯ ಕಟ್ಟಡಗಳ ಅಡಿಯಲ್ಲಿ ಆ ಮಣ್ಣನ್ನು ತುಂಬದೆ ಟೊಳ್ಳು ಬಿಟ್ಟಿದ್ದು, ಅಲ್ಲಿ ನೀರು ನಿಂತಿದ್ದು 2016ರ ಸೆಪ್ಟೆಂಬರ್‌ನಲ್ಲಿ ಬಯಲಾಯಿತು. ಟೊಯೊಸು ಎಂದರೆ ಇಂದಿಗೂ ಜನ ಮಾತಾಡುವುದು ಆ ಟೊಳ್ಳಿನ ಬಗ್ಗೆಯೇ. ಗಮನ ಹೋಗಬೇಕಾದದ್ದು ಬೇರೆಡೆಗೆ, ಅಂತರ್ಜಲದ ಒಂಬತ್ತನೇ ಪರೀಕ್ಷೆಯ ಕಡೆಗೆ.

ಕಾಮಗಾರಿ ಮುಗಿದ ಮೇಲೆ ಎರಡು ವರ್ಷದ ನಿಗಾ 2014ರ ನವೆಂಬರ್‌ನಲ್ಲಿ ಆರಂಭವಾಯಿತು. ಮೊದಲ ಏಳು ಸುತ್ತುಗಳಲ್ಲಿ ಎಲ್ಲವೂ ಮಿತಿಯೊಳಗೆ. ಎಂಟನೆಯದರಲ್ಲಿ ಬೆಂಜೀನ್, ಆರ್ಸೆನಿಕ್ ಮಿತಿಯನ್ನು ತುಸು ಮೀರಿದವು. 2017ರ ಜನವರಿಯಲ್ಲಿ ಒಂಬತ್ತನೆಯದರ ಫಲಿತಾಂಶ ಬಂತು. 201 ಕಡೆಗಳ ಪೈಕಿ 72ರಲ್ಲಿ ಮಿತಿ ಮೀರಿತ್ತು. ಒಂದೆಡೆ ಬೆಂಜೀನ್ 79 ಪಟ್ಟು. ಪತ್ತೆಯೇ ಆಗಬಾರದ ಸಯನೈಡ್ ಕೂಡ ಕಾಣಿಸಿತು. ಪ್ರಯೋಗಾಲಯದ ತಪ್ಪಿರಬಹುದು ಎಂದವರಿದ್ದರು. ಮಾರ್ಚ್‌ನಲ್ಲಿ ಮರುಪರೀಕ್ಷೆಯ ಅಂಕಿ ಬಂದಾಗ ಬೆಂಜೀನ್ 100 ಪಟ್ಟಿಗೇರಿತ್ತು.

ಏಳು ಸಲ ಶುದ್ಧವೆನಿಸಿಕೊಂಡ ನೀರು ಹೀಗೇಕಾಯಿತು? ನೀರಿನ ಮಟ್ಟ ತಗ್ಗಿಸುವ ಪಂಪುಗಳು ಪೂರ್ಣ ಪ್ರಮಾಣದಲ್ಲಿ ಓಡತೊಡಗಿದ್ದು 2016ರ ಅಕ್ಟೋಬರ್‌ನಲ್ಲಿ. ಅದರಿಂದ ನೆಲದಡಿಯ ಹರಿವಿನ ದಿಕ್ಕು ಬದಲಾಗಿ, ಅಲ್ಲಲ್ಲಿ ಉಳಿದಿದ್ದ ಮಲಿನ ನೀರು ಬಾವಿಗಳ ಕಡೆಗೆ ಸರಿದಿರಬಹುದು ಎಂದಿತು ತಜ್ಞರ ಸಮಿತಿ. ಹಿಂದಿನ ಏಳು ಫಲಿತಾಂಶಗಳೂ ಪಂಪು ಪೂರ್ತಿ ಓಡುವ ಮೊದಲಿನವು. ಮಾರುಕಟ್ಟೆ ತೆರೆಯಲು ನಿಗದಿಯಾಗಿದ್ದ ದಿನ 2016ರ ನವೆಂಬರ್ 7. ಅಂದರೆ ನಿಗಾದ ಕೊನೆಯ ಫಲಿತಾಂಶ ಕೈಸೇರುವ ಮೊದಲೇ ವ್ಯಾಪಾರ ಶುರುವಾಗಬೇಕಿತ್ತು! ಟೋಕಿಯೊ ಗವರ್ನರ್ ಯುರಿಕೊ ಕೊಯಿಕೆ ಆಗಸ್ಟ್ 31ರಂದು ಸ್ಥಳಾಂತರ ಮುಂದೂಡಿದ್ದರಿಂದ ಅದು ತಪ್ಪಿತು. ಪರೀಕ್ಷೆ ಇನ್ನೂ ಮುಗಿದಿಲ್ಲ ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು. ಆಗ ಅನೇಕರಿಗೆ ಅದು ರಾಜಕೀಯವಾಗಿ ಕಂಡಿತು. ಜನವರಿಯ ಅಂಕಿಗಳ ಮುಂದೆ ಆ ಟೀಕೆ ನಿಲ್ಲುವುದಿಲ್ಲ.

ಇದಕ್ಕೊಂದು ಪ್ರತಿವಾದವಿದೆ, ತೂಕದ್ದೇ. ಟೊಯೊಸುವಿನಲ್ಲಿ ಆ ನೀರನ್ನು ಯಾರೂ ಕುಡಿಯುವುದಿಲ್ಲ, ನೆಲದ ಮೇಲೆ ಕಾಂಕ್ರೀಟ್ ಹೊದಿಕೆಯಿದೆ, ಹಾಗಾಗಿ ಮೇಲೆ ಕೆಲಸ ಮಾಡುವವರಿಗೆ ಅಪಾಯವಿಲ್ಲ ಎಂದು ತಜ್ಞರೇ ಹೇಳಿದರು. ಟೊಳ್ಳುಗಳ ತಳಕ್ಕೆ ಕಾಂಕ್ರೀಟ್ ಹಾಕಿ, ಗಾಳಿಯಾಡುವ ವ್ಯವಸ್ಥೆ ಮಾಡಿ, ಪಂಪುಗಳ ಬಲ ಹೆಚ್ಚಿಸಿದ ಮೇಲೆ 2018ರ ಅಕ್ಟೋಬರ್ 11ರಂದು ಮಾರುಕಟ್ಟೆ ತೆರೆಯಿತು. ಟೋಕಿಯೊ ಮಟ್ಟಿಗೆ ಆ ವಾದವನ್ನು ಒಪ್ಪೋಣ.

ಮಂಗಳೂರಿನ ಮಟ್ಟಿಗೆ ಒಪ್ಪಲಾಗದು. ಕರಾವಳಿಯಲ್ಲಿ ಮನೆಮನೆಗೂ ಬಾವಿಯಿದೆ, ಆ ನೀರನ್ನೇ ಜನ ಸೇದಿ ಕುಡಿಯುತ್ತಾರೆ. ಮುರಕಲ್ಲಿನ ನೆಲ ಮಳೆಯನ್ನು ಬೇಗ ಹೀರುತ್ತದೆ. ಬೇಸಿಗೆಯಲ್ಲಿ ಪಾತಾಳ ಕಂಡ ಬಾವಿ ಆಟಿ ತಿಂಗಳ ಮಳೆಯ ಹೊತ್ತಿಗೆ ಕೈಗೆಟುಕುವಷ್ಟು ತುಂಬುತ್ತದೆ. ಟೋಕಿಯೊದಲ್ಲಿ ಪಂಪು ಮಾಡಿದ ಕೆಲಸವನ್ನು ಇಲ್ಲಿ ಪ್ರತಿ ವರ್ಷ ಮುಂಗಾರೇ ಮಾಡುತ್ತದೆ. ಹಾಗಿರುವಾಗ ಫೆಬ್ರುವರಿಯಲ್ಲಿ ನೀರೆತ್ತಿ ಏಪ್ರಿಲ್‌ನಲ್ಲಿ ಕೊಡುವ ಪ್ರಮಾಣಪತ್ರಕ್ಕೆ ಏನು ಬೆಲೆ?

ನಿಯಮಗಳನ್ನು ಜಾರಿಗೆ ತರಬೇಕಾದ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಇಷ್ಟನ್ನಾದರೂ ಕಡ್ಡಾಯ ಮಾಡಲಿ: ನೀರಿನಂಚಿನ ಯಾವ ಜಾಗವನ್ನೂ ಎರಡು ಮಳೆಗಾಲ ಕಳೆಯದೆ ಶುದ್ಧವೆಂದು ಘೋಷಿಸಬಾರದು. ಪ್ರತಿ ಸುತ್ತಿನ ಅಂಕಿಗಳನ್ನೂ ಸುತ್ತಲಿನ ಗ್ರಾಮ ಪಂಚಾಯಿತಿಗಳ ಫಲಕದಲ್ಲಿ, ಕನ್ನಡದಲ್ಲಿ, ಅಂಟಿಸಬೇಕು.