ಅಂಗಳದ ಹಸಿರು: ಒಂದು ಗಡ್ಡೆಯಿಂದ ಹದಿನಾರು

ಇಂಗ್ಲೆಂಡಿನಲ್ಲಿ ಜನವರಿ, ಫೆಬ್ರವರಿಯ ಕೊರೆಯುವ ಚಳಿಯಲ್ಲಿ ತಲೆಬಾಗಿ ಅರಳುವ ಪುಟ್ಟ ಬಿಳಿಯ ಹೂವು ಸ್ನೋಡ್ರಾಪ್. ಅಲ್ಲಿನ ತೋಟಪ್ರಿಯರಿಗೆ ಅದರ ಮೇಲೆ ಎಂಥ ಮೋಹವೆಂದರೆ, 2015ರಲ್ಲಿ 'ಗೋಲ್ಡನ್ ಫ್ಲೀಸ್' ಎಂಬ ತಳಿಯ ಒಂದೇ ಗಡ್ಡೆ 1,390 ಪೌಂಡಿಗೆ ಮಾರಾಟವಾಯಿತು. ಇಂತಹ ಅಪರೂಪದ ಗಡ್ಡೆಗಳನ್ನೂ ಬಲ್ಲವರು ಅಲಗಿನಿಂದ ಸೀಳುತ್ತಾರೆಂದರೆ ಓದುಗರಿಗೆ ಆಶ್ಚರ್ಯವಾದೀತು.

ಅದಕ್ಕೆ ಕಾರಣವಿದೆ. ಬೀಜದಿಂದ ಹುಟ್ಟಿದ ಸಸಿ ತಾಯಿಯ ಗುಣವನ್ನೇ ಹೊತ್ತು ಬರುವುದೆಂಬ ಭರವಸೆಯಿಲ್ಲ. ಗಡ್ಡೆ ತಾನಾಗಿಯೇ ಮರಿಯೊಡೆಯುವುದು ಬಲು ನಿಧಾನ.

ಈರುಳ್ಳಿ ಹೆಚ್ಚುವ ತಾಯಂದಿರಿಗೆ ಗಡ್ಡೆಯ ರಚನೆಯನ್ನು ವಿವರಿಸಬೇಕಿಲ್ಲ. ಒಂದರೊಳಗೊಂದು ಪದರ, ಅವೆಲ್ಲವನ್ನೂ ಹಿಡಿದಿಟ್ಟಿರುವುದು ಬೇರು ಹೊರಡುವ ಗಟ್ಟಿ ಬುಡ. ಎಲೆ ಒಣಗಿ ಗಡ್ಡೆ ವಿಶ್ರಮಿಸುವ ಜೂನ್, ಜುಲೈ ತಿಂಗಳಲ್ಲಿ ಅದನ್ನು ಅಗೆದು, ಒಣಸಿಪ್ಪೆ, ಬೇರು, ತುದಿಗಳನ್ನು ತೆಗೆದು ತಲೆಕೆಳಗಾಗಿ ಇಡಬೇಕು. ಸ್ಪಿರಿಟ್‌ನಿಂದ ಒರೆಸಿದ ಹರಿತವಾದ ಅಲಗಿನಿಂದ 8 ಅಥವಾ 16 ಹೋಳುಗಳಾಗಿ ಉದ್ದಕ್ಕೆ ಸೀಳುವುದೇ 'ಚಿಪ್ಪಿಂಗ್'. ಆ ಹೋಳುಗಳನ್ನು ಮತ್ತೆ ಎರಡೆರಡು ಪದರಗಳ ಜೋಡಿಯಾಗಿ ಬಿಡಿಸಿದರೆ 'ಟ್ವಿನ್ ಸ್ಕೇಲಿಂಗ್'. ನಿಯಮವೊಂದೇ: ಪ್ರತಿಯೊಂದು ತುಂಡಿಗೂ ಬುಡದ ಚೂರು ಅಂಟಿರಲೇಬೇಕು. ಬುಡವಿಲ್ಲದ ತುಂಡಿನಿಂದ ಮರಿ ಹುಟ್ಟದು.

ತುಂಡುಗಳನ್ನು ಶಿಲೀಂಧ್ರನಾಶಕದಲ್ಲಿ ಅದ್ದಿ, ತುಸುವೇ ತೇವವಿರುವ ವರ್ಮಿಕ್ಯುಲೈಟ್‌ನೊಡನೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸುಮಾರು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಕತ್ತಲೆಯಲ್ಲಿ 12 ವಾರ ಇಡುತ್ತಾರೆ. ಆಗ ಪದರಗಳ ನಡುವೆ, ಬುಡಕ್ಕಂಟಿದಂತೆ ಪುಟ್ಟ ಮರಿಗಡ್ಡೆಗಳು ಮೂಡುತ್ತವೆ. ಕುಂಡದಲ್ಲಿ ನೆಟ್ಟ ಮೇಲೆ ಹೂವಿಗೆ 3-4 ವರ್ಷ ಕಾಯಬೇಕು. ತೇವ ಮಿತಿಮೀರಿದರೆ ಬೂಷ್ಟು ಹಿಡಿದು, ಇದ್ದ ಒಂದೂ ಹೋದೀತು. ಆದುದರಿಂದ ಮೊದಲು ಸಾಮಾನ್ಯ ಗಡ್ಡೆಯ ಮೇಲೆ ಕೈ ಪಳಗಿಸಿಕೊಳ್ಳುವುದು ಜಾಣತನ.

ಹಿಂದೆ ಟರ್ಕಿಯ ಬೆಟ್ಟಗಳಿಂದ ಕಾಡುಗಡ್ಡೆಗಳನ್ನು ಲಕ್ಷಗಟ್ಟಲೆ ಅಗೆದು ಯುರೋಪಿಗೆ ಸಾಗಿಸುತ್ತಿದ್ದರು. 1990ರಿಂದ ಈ ವ್ಯಾಪಾರ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ತೋಟದಲ್ಲಿಯೇ ಗಡ್ಡೆ ಹೆಚ್ಚಿದಷ್ಟೂ ಕಾಡನ್ನು ಬಗೆಯುವ ಅಗತ್ಯ ಕಡಿಮೆಯಾಗುತ್ತದೆ.

ಚಳಿ ಬೇಡುವ ಈ ಹೂವು ನಮ್ಮ ಬಯಲುಸೀಮೆಗೆ ಒಗ್ಗದು. ಆದರೆ ಇದೇ ಕುಟುಂಬಕ್ಕೆ ಸೇರಿದ, ನಮ್ಮ ಅಂಗಳಗಳಲ್ಲಿ ಅರಳುವ ದೊಡ್ಡ ಕೆಂಪು ಅಮರಿಲ್ಲಿಸ್ ಲಿಲ್ಲಿಗೂ ಈ ವಿಧಾನ ಸಲ್ಲುತ್ತದೆ. ಎರಡರ ಗಡ್ಡೆಯೂ ವಿಷಕಾರಿ. ಈರುಳ್ಳಿಯೆಂದು ಭ್ರಮಿಸದಂತೆ ಮಕ್ಕಳ ಕೈಗೆಟುಕದಲ್ಲಿ ಇಡಿರಿ.

ಹದಿನಾರಾದ ಗಡ್ಡೆಗಳನ್ನು ಒಬ್ಬರೇ ಇಟ್ಟುಕೊಂಡರೆ ಒಂದು ರೋಗಕ್ಕೆ ಎಲ್ಲವೂ ಬಲಿಯಾದಾವು. ನಾಲ್ಕು ಮನೆಗೆ ಹಂಚಿದ್ದರೆ, ನಮ್ಮದು ಅಳಿದರೂ ನೆರೆಮನೆಯಲ್ಲಿ ತಳಿ ಉಳಿದಿರುತ್ತದೆ. ಶರಣರು ಕಾಯಕದೊಡನೆ ದಾಸೋಹವನ್ನೂ ಸಾರಿದುದರ ಸಾರ್ಥಕತೆ ಹೂದೋಟದಲ್ಲಿಯೂ ಕಾಣುತ್ತದೆಯಲ್ಲವೆ?